ನಿಮ್ಮ ಬುಟ್ಟಿಯ ಸುಣ್ಣಕ್ಕೆ ಹುಚ್ಚೀರಯ್ಯನ ಕೈ ಹೊಣೆಯಲ್ಲ

ಮಾನ್ಯರೇ,

ಮನೆಮನೆಗೆ ಕಸದ ಬುಟ್ಟಿ ಹಂಚುವ ಯೋಜನೆಯ ಅಧಿಕಾರಿಗಳಾದ ತಮಗೆ, ಆ ಬುಟ್ಟಿಗಳನ್ನು ಪಡೆದ ಒಂದು ಮನೆಯಿಂದ ಈ ಪತ್ರ. ಕಸ ಹಾಕಲೆಂದು ನೀವು ಕೊಟ್ಟ ಬುಟ್ಟಿಗಳು ಆರು ತಿಂಗಳೊಳಗೆ ತಾವೇ ಕಸವಾದವು. ಇದು ನನ್ನ ದೂರಿನ ಸಣ್ಣ ಭಾಗ. ಇಂಥದ್ದನ್ನು ಸಹಿಸಿಕೊಳ್ಳುವ ಅಭ್ಯಾಸ ನಮಗೆಲ್ಲ ಇದೆ. ಸಹಿಸಲಾಗದ್ದು ಬೇರೆ. ರಿಪೇರಿಯೇ ಆಗದ ವಸ್ತುವನ್ನು ಕೊಂಡು ಹಂಚಿದ ತಪ್ಪನ್ನು, ಅದನ್ನು ರಿಪೇರಿ ಮಾಡಲು ಕುಳಿತ ಒಬ್ಬ ಕಸುಬುದಾರನ ತಲೆಗೆ ನಿಮ್ಮ ಕಚೇರಿ ಕಟ್ಟಿದೆ. ಅವರ ಹೆಸರು ಹುಚ್ಚೀರಯ್ಯ. ನಿಮ್ಮ ವರದಿಯಲ್ಲಿ ಅವರಿಗೆ ಹೆಸರಿಲ್ಲ, ‘ಸ್ಥಳೀಯ ಕಸುಬುದಾರ’ ಎಂದಷ್ಟೇ ಇದೆ. ಆದರೆ ಕೊಪ್ಪದ ಸುತ್ತಲಿನ ಯಾವ ಹಳ್ಳಿಯಲ್ಲಿ ಕೇಳಿದರೂ ಅದು ಯಾರೆಂದು ಹೇಳುತ್ತಾರೆ.

ನಾನು ಮದ್ದೂರಿನ ಒಂದು ಖಾಸಗಿ ಶಾಲೆಯಲ್ಲಿ ಹತ್ತನೆಯ ತರಗತಿಗೆ ರಸಾಯನಶಾಸ್ತ್ರ ಪಾಠ ಮಾಡುತ್ತೇನೆ. ವಾಸ ಕೊಪ್ಪದ ಹತ್ತಿರದ ಹಳ್ಳಿಯಲ್ಲಿ. ಓದಿದ್ದು ಇಂಗ್ಲಿಷ್ ಮಾಧ್ಯಮದಲ್ಲಿ, ಆದರೆ ಈ ಪತ್ರವನ್ನು ನಾಲ್ಕನೆಯ ಸಲ ಬರೆಯುತ್ತಿರುವುದು ಭಾಷೆಯ ತೊಡಕಿನಿಂದಲ್ಲ. ಮೊದಲ ಮೂರು ಸಲ ಬರೆದದ್ದರಲ್ಲಿ, ಈ ವಿಷಯದಲ್ಲಿ ನಾನು ಮಾಡಿದ ತಪ್ಪು ಎಲ್ಲೂ ಕಾಣುತ್ತಿರಲಿಲ್ಲ. ಅದಕ್ಕೇ ಹರಿದು ಹಾಕಿದೆ.

ನಾನು ಪ್ಲಾಸ್ಟಿಕ್ಕಿನ ವಿರೋಧಿಯಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಹಿತ್ತಾಳೆ ಕೊಡ ಹೊತ್ತು ಹೊತ್ತು ಸೊಂಟ ಕಳೆದುಕೊಂಡ ತಾಯಿಯ ಮಗಳು ನಾನು. ಪ್ಲಾಸ್ಟಿಕ್ ಬಿಂದಿಗೆ ನಮ್ಮ ಹೆಂಗಸರಿಗೆ ಮಾಡಿದ ಉಪಕಾರವನ್ನು ಯಾವ ಭಾಷಣವೂ ಮಾಡಿಲ್ಲ. ಆದರೆ ಆ ಪ್ಲಾಸ್ಟಿಕ್ಕೇ ಬೇರೆ ಇತ್ತು. ಪಕ್ಕದ ಮನೆಯ ಹೊಂಬಾಳಮ್ಮನ ಹತ್ತಿರ ಒಂದು ನೇರಳೆ ಬಣ್ಣದ ಬಿಂದಿಗೆ ಇದೆ. ತಳದಲ್ಲಿ ಹಸಿರು ತೇಪೆ, ಕಂಠದಲ್ಲಿ ಹಳದಿ ತೇಪೆ, ಹೊಟ್ಟೆಯ ಮೇಲೆ ಕೆಂಪಿನವು ಎರಡು. ‘ನನ್ ಸೊಸೆ ಬಂದ್ ವರ್ಸ ತಂದಿದ್ದು ಕಣಮ್ಮ,’ ಅನ್ನುತ್ತಾರೆ ಅವರು. ‘ಸೊಸೆ ಮಗಳ ಮದ್ವೆನೂ ಆಗೋಯ್ತು. ಬಿಂದ್ಗೆ ಇನ್ನೂ ನೀರ್ ತತ್ತಾ ಐತೆ.’

ಆ ನಾಲ್ಕೂ ತೇಪೆ ಹುಚ್ಚೀರಯ್ಯ ಹಾಕಿದವು. ಮೊಪೆಡ್ಡಿನ ಹಿಂದೆ ತಗಡಿನ ಡಬ್ಬದಲ್ಲಿ ಮಾಡಿದ ಇದ್ದಿಲೊಲೆ, ಎರಡು ಚಪ್ಪಟೆ ಕಬ್ಬಿಣದ ಸಲಾಕೆ, ಒಂದು ಚೀಲ ತುಂಬ ಹಳೇ ಬಕೆಟ್ಟಿನ ಚೂರುಗಳು. ಅವರ ಅಂಗಡಿ ಇಷ್ಟೇ. ನಲವತ್ತು ವರ್ಷದಿಂದ ಈ ಕೆಲಸ. ಬಿಂದಿಗೆ ಕೈಗೆ ಕೊಟ್ಟರೆ ಮೊದಲು ಅದರ ಅಂಚಿನಿಂದ ಬ್ಲೇಡಿನಲ್ಲಿ ಉಗುರಿನಷ್ಟು ಹೆರೆದು ಕೆಂಡಕ್ಕೆ ಹಿಡಿಯುತ್ತಾರೆ. ಉರಿಯುವುದನ್ನು ನೋಡುತ್ತಾರೆ, ಮೂಸುತ್ತಾರೆ. ಆಮೇಲೆ ಸಲಾಕೆ ಮುಟ್ಟುತ್ತಾರೆ. ‘ಮೇಣದ್ ವಾಸ್ನೆ ಬಂದ್ರೆ ಇಡೀತದೆ. ಬೂದಿ ಬಿದ್ರೆ ಬುಟ್ಬುಡಿ, ನನ್ ಕೈಲಾಗಕ್ಕಿಲ್ಲ,’ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿ ವಾಪಸು ಕೊಡುತ್ತಾರೆ. ಹಿಡಿಯದ ಬೆಸುಗೆಯನ್ನು ಅವರು ಹಾಕುವುದಿಲ್ಲ. ಹಾಕಿದ ಬೆಸುಗೆ ಬಿಡುವುದಿಲ್ಲ. ನಮ್ಮ ಕಡೆ ಅವರ ಹೆಸರು ನಿಂತಿದ್ದು ಇದರ ಮೇಲೆ.

ಈಗ ನಿಮ್ಮ ಬುಟ್ಟಿಗಳಿಗೆ ಬರೋಣ. ಕಳೆದ ವರ್ಷ ಮನೆಗೆರಡರಂತೆ ಹಂಚಿದಿರಿ, ಹಸಿ ಕಸಕ್ಕೆ ಹಸಿರು, ಒಣ ಕಸಕ್ಕೆ ನೀಲಿ. ಬುಟ್ಟಿಯ ಮೈಮೇಲೆ ಯೋಜನೆಯ ಹೆಸರು ದೊಡ್ಡ ಅಕ್ಷರದಲ್ಲಿ. ‘ಒಸಾ ಬಕೇಟ್‌ಗೆ ಕಸ ಆಕಕ್ಕೆ ನಂಗೇನ್ ಉಚ್ಚು ಇಡ್ದದಾ?’ ಎಂದು ಹೊಂಬಾಳಮ್ಮ ಹಸಿರಿನಲ್ಲಿ ರಾಗಿಹಿಟ್ಟು, ನೀಲಿಯಲ್ಲಿ ಹಸುವಿನ ಬೂಸ ತುಂಬಿಟ್ಟರು. ನಿಮಗೆ ನಗು ಬರಬಹುದು. ನಾನೂ ಅವರಿಗೆ ತಿಳಿವಳಿಕೆ ಹೇಳಲು ಹೋದವಳೇ. ಈಗ ಯೋಚಿಸಿದರೆ, ಆ ಬುಟ್ಟಿಗೆ ನಮ್ಮೂರಲ್ಲಿ ಯಾರಾದರೂ ಮರ್ಯಾದೆ ಕೊಟ್ಟಿದ್ದರೆ ಅದು ಅವರೊಬ್ಬರೇ. ನಾಲ್ಕನೆಯ ತಿಂಗಳು ಹಿಡಿಕೆ ಕಿತ್ತುಬಂದು ಬೂಸವೆಲ್ಲ ಕೊಟ್ಟಿಗೆಯ ಗಂಜಲದ ಮೇಲೆ ಚೆಲ್ಲಿತು. ಹಳೆಯ ಬಕೆಟ್ಟಿಗೆ ತಂತಿಯ ಹಿಡಿಕೆ ಇರುತ್ತಿತ್ತು, ಹೋದರೆ ಬೇರೆ ತಂತಿ ಬಾಗಿಸಿ ಸಿಕ್ಕಿಸಬಹುದಿತ್ತು. ನಿಮ್ಮ ಬುಟ್ಟಿಯ ಹಿಡಿಕೆ ಬುಟ್ಟಿಯ ಮೈಗೇ ಅಂಟಿಕೊಂಡು ಹುಟ್ಟಿದ್ದು. ಅದು ಹೋದರೆ ಬುಟ್ಟಿಯೇ ಹೋದಂತೆ. ಮಳೆಗಾಲ ಮುಗಿಯುವ ಹೊತ್ತಿಗೆ ಊರಿನ ಅರ್ಧ ಬುಟ್ಟಿಗಳು ತಿಪ್ಪೆಯ ಮೇಲಿದ್ದವು, ಸ್ವಚ್ಛತೆಯ ಘೋಷಣೆ ಸಮೇತ.

ಆಗ ನಾನು ನಿಮಗೊಂದು ಕಾಗದ ಬರೆದೆ. ಹೊಸದು ಕೊಳ್ಳುವ ಬದಲು ಇರುವುದನ್ನೇ ರಿಪೇರಿ ಮಾಡಿಸಬಹುದು, ನಮ್ಮಲ್ಲಿ ಅದಕ್ಕೆ ಪಳಗಿದ ಕೈ ಇದೆ, ಈ ಬಗೆಯ ಪ್ಲಾಸ್ಟಿಕ್ ಕಾಯಿಸಿದರೆ ಮೆತ್ತಗಾಗಿ ಮತ್ತೆ ಗಟ್ಟಿಯಾಗುತ್ತದೆ ಎಂದು ಪಠ್ಯಪುಸ್ತಕದ ಮಾತನ್ನೂ ಸೇರಿಸಿದೆ. ಕಾಗದ ಹಾಕಿದ ಮೇಲೆ ಹುಚ್ಚೀರಯ್ಯನಿಗೆ ಹೇಳಿದೆ, ಮೊದಲು ಕೇಳಲಿಲ್ಲ. ಅವರು ಮಾಡಬೇಕಾದ ಕೆಲಸವನ್ನು ಅವರ ಪರವಾಗಿ ನಾನೇ ಒಪ್ಪಿಕೊಂಡುಬಿಟ್ಟೆ. ಸರ್ಕಾರಿ ಬುಟ್ಟಿ, ಒಡೆದರೆ ಸರ್ಕಾರವೇ ಬದಲಿಸಿಕೊಡುತ್ತದೆ ಎಂದು ಯಾರೂ ಒಂದನ್ನೂ ಅವರ ಹತ್ತಿರ ಒಯ್ದಿರಲಿಲ್ಲ. ಅವರು ಅದನ್ನು ಕೈಯಲ್ಲಿ ಹಿಡಿದೇ ಇರಲಿಲ್ಲ.

ನೀವು ಉತ್ತರ ಬರೆದಿರಿ. ಎಷ್ಟು ಒಳ್ಳೆಯ ಉತ್ತರ ಅದು. ಖುದ್ದಾಗಿ ಬಂದು ನೋಡುವುದಾಗಿಯೂ, ಕೆಲಸ ತೃಪ್ತಿಕರವಾಗಿದ್ದರೆ ಮಂಡ್ಯ, ಮದ್ದೂರು, ಮಳವಳ್ಳಿ ಮೂರೂ ತಾಲ್ಲೂಕುಗಳಲ್ಲಿ ಒಂದೊಂದು ದುರಸ್ತಿ ಕೇಂದ್ರ ತೆರೆದು ಇಂಥ ಕಸುಬುದಾರರಿಗೆ ಕೆಲಸ ಕೊಡುವುದಾಗಿಯೂ ಬರೆದಿದ್ದಿರಿ. ಅದನ್ನು ನಾನು ತರಗತಿಯಲ್ಲಿ ಓದಿ ಹೇಳಿದೆ. ಹುಚ್ಚೀರಯ್ಯನ ಮನೆಗೆ ಹೋಗಿಯೂ ಓದಿದೆ. ಅವರ ಹೆಂಡತಿ ಚಿಕ್ಕನಂಜಮ್ಮ ಒಂದೇ ಮಾತು ಕೇಳಿದರು: ‘ಮೂರ್ ತಾಲೂಕ್ಗೂ ಈ ಮೊಪೆಡ್‌ನಾಗೇ ಓಗ್ಬೇಕಾ?’

ಒಂದು ಶನಿವಾರ ಬೆಳಿಗ್ಗೆ ನೀವು ಬಂದಿರಿ, ಜೊತೆಗೆ ಫೋಟೋದವರು. ಅರಳಿಮರದ ಕೆಳಗೆ ಊರು ಸೇರಿತ್ತು. ಹುಚ್ಚೀರಯ್ಯ ಇದ್ದಿಲು ಹೊತ್ತಿಸಿ, ಒಡೆದ ಬುಟ್ಟಿಯೊಂದನ್ನು ತೊಡೆಯ ಮೇಲಿಟ್ಟುಕೊಂಡು, ಅದರ ಅಂಚಿಗೆ ಬ್ಲೇಡು ಇಟ್ಟರು. ‘ಒಂಚೂರು ಸುಟ್ಟು ನೋಡ್ಬುಡ್ತೀನಿ ಮೇಡಮ್ಮೋರೆ,’ ಅಂದರು.

ನಾನು ಬೇಡ ಅಂದೆ. ಯಾಕೆ ಅಂದೆ? ಸರ್ಕಾರದ ಸ್ವತ್ತನ್ನು ಸರ್ಕಾರದವರ ಎದುರೇ ಸುಟ್ಟು ಮೂಸುವುದು ನನಗೆ ನಾಚಿಕೆ ತಂದಿತು. ನಮ್ಮವರು ಒರಟಾಗಿ ಕಾಣುತ್ತಾರೆ ಅನ್ನಿಸಿತು. ‘ಅದೆಲ್ಲ ಬೇಕಿಲ್ಲ ಹುಚ್ಚೀರಯ್ಯನವರೇ, ಇದು ಕಾಯಿಸಿದರೆ ಕರಗುವ ಜಾತಿಯದ್ದೇ,’ ಎಂದು ಮೆಲ್ಲಗೆ ಹೇಳಿದೆ. ಅವರು ನನ್ನ ಮುಖ ನೋಡಿದರು. ‘ನೀವು ಓದಿರೋರು,’ ಅಂದರು. ಬ್ಲೇಡನ್ನು ಜೇಬಿಗೆ ಹಾಕಿಕೊಂಡರು.

ಮುಂದಿನದ್ದನ್ನು ನೀವೂ ನೋಡಿದ್ದೀರಿ. ಸಲಾಕೆ ತಾಗಿದ ಕಡೆ ಬುಟ್ಟಿ ಕರಗಲಿಲ್ಲ, ಹಳೆಯ ಗೋಡೆಯ ಗಾರೆಯಂತೆ ಉದುರಿತು. ಬಿರುಕಿದ್ದಲ್ಲಿ ಅಂಗೈ ಅಗಲದ ತೂತಾಯಿತು. ಎರಡನೆಯದೂ ಹಾಗೇ. ‘ಸಾಕು ಬುಡಿ ಸಾ, ಇದು ಆಗಕ್ಕಿಲ್ಲ,’ ಎಂದು ಅವರು ಸಲಾಕೆ ಕೆಳಗಿಟ್ಟರು. ನೀವು ಬಹಳ ಸೌಜನ್ಯದಿಂದ ‘ಇನ್ನೊಂದು ಪ್ರಯತ್ನಿಸಿ’ ಎಂದಿರಿ. ಫೋಟೋದವರು ಹತ್ತಿರ ಬಂದರು. ಮೂರನೆಯದೂ ಹೋಯಿತು. ಗುಂಪಿನಲ್ಲಿ ಯಾರೋ, ‘ಬೆಸುಗೆ ಆಕು ಅಂದ್ರೆ ರೊಟ್ಟಿ ಸುಡ್ತಾವ್ನಲ್ಲಾ,’ ಅಂದರು. ಎಲ್ಲರೂ ನಕ್ಕರು. ನಲವತ್ತು ವರ್ಷ ಅವರಿಂದ ಬಿಂದಿಗೆಗೆ ಬೆಸುಗೆ ಹಾಕಿಸಿಕೊಂಡವರೇ ನಕ್ಕರು.

ತಿಂಗಳ ನಂತರ ಗ್ರಾಮಸಭೆಯಲ್ಲಿ ನಿಮ್ಮ ವರದಿಯನ್ನು ಮೈಕಿನಲ್ಲಿ ಓದಿದರಂತೆ. ನಾನು ಶಾಲೆಯಲ್ಲಿದ್ದೆ. ‘ಸ್ಥಳೀಯ ಕಸುಬುದಾರನ ಕೌಶಲದ ಕೊರತೆಯಿಂದ ಮೂರು ಬುಟ್ಟಿಗಳು ಸಂಪೂರ್ಣ ಹಾಳಾಗಿದ್ದು, ದುರಸ್ತಿಯು ಕಾರ್ಯಸಾಧುವಲ್ಲವೆಂದು ಕಂಡುಬಂದಿದೆ. ಹೊಸ ಬುಟ್ಟಿಗಳ ಖರೀದಿಗೆ ಶಿಫಾರಸು ಮಾಡಲಾಗಿದೆ.’ ಎರಡು ವಾಕ್ಯ, ಮಾನ್ಯರೇ. ಮೊದಲ ವಾಕ್ಯ ಇಲ್ಲದೆ ಎರಡನೆಯದನ್ನು ಬರೆಯಲು ಆಗುತ್ತಿರಲಿಲ್ಲವೇ? ಒಂದು ಖರೀದಿಗೆ ಕಾರಣ ಬೇಕಿದ್ದರೆ ಬೇರೆ ಕಾರಣ ಸಿಗುತ್ತಿರಲಿಲ್ಲವೇ?

ಅದಾದ ಮೇಲೆ ಯಾರೂ ಅವರನ್ನು ಕೂಗಿ ನಿಲ್ಲಿಸಲಿಲ್ಲ. ಕೊಪ್ಪದ ಸಂತೆಯಲ್ಲಿ ‘ಸರ್ಕಾರದ್ ಬಕೇಟ್ ಸುಟ್ಟೋನು’ ಎಂದು ತೋರಿಸುತ್ತಾರಂತೆ. ಮೊಪೆಡ್ ಹೊರಗೆ ಬರುವುದು ನಿಂತು ಹೋಯಿತು. ಇದನ್ನೆಲ್ಲ ನನಗೆ ಹೇಳಿದ್ದು ಚಿಕ್ಕನಂಜಮ್ಮ. ಒಂದು ಭಾನುವಾರ ನಮ್ಮ ಮನೆಗೆ ಬಂದರು. ಒಳಗೆ ಬನ್ನಿ ಅಂದರೆ ಬರಲಿಲ್ಲ, ಹೊಸಲಿನ ಆಚೆಯೇ ನಿಂತರು.

‘ಸರ್ಕಾರ್ದೋರು ಬರ್ಕೊಂಡ್ರೆ ಬರ್ಕೊಳ್ಳಿ, ಅವ್ರೇನ್ ನಮ್ ನೆಂಟ್ರಲ್ಲ,’ ಅಂದರು. ‘ನಿಮ್ ಸೈನೂ ಐತಂತಲ್ಲವ್ವಾ ಅದ್ರಲ್ಲಿ? ಸಂತೇಲಿ ಅಂಗಂತಾವ್ರೆ. ನೀವ್ಯಾಕ್ ಆಕುದ್ರಿ?’

ನಾನು ಹಾಕಿಲ್ಲ ಎಂದೆ. ಹಾಕಿಲ್ಲ ಎಂದು ದೇವರ ಮೇಲೆ ಆಣೆ ಇಟ್ಟೆ. ಅವರು ನಂಬಿದಂತೆ ತಲೆಯಾಡಿಸಿ ಹೋದರು. ಮಾರನೆಯ ದಿನ ರಜೆ ಹಾಕಿ ನಿಮ್ಮ ಕಚೇರಿಗೆ ಬಂದು ವರದಿಯ ನಕಲಿಗೆ ಅರ್ಜಿ ಕೊಟ್ಟೆ. ಇಪ್ಪತ್ತಾರು ದಿನ ಕಾಯಿಸಿ ಕೊಟ್ಟಿರಿ. ಮೂರನೆಯ ಪುಟದಲ್ಲಿ ನನ್ನ ಸಹಿ ಇತ್ತು. ಆ ಶನಿವಾರ ನಿಮ್ಮ ಸಿಬ್ಬಂದಿ ‘ಬಂದವರೆಲ್ಲ ಹಾಜರಾತಿ ಹಾಕಿ’ ಎಂದು ಒಂದು ಹಾಳೆ ದಾಟಿಸಿದ್ದರು. ಹೊಂಬಾಳಮ್ಮ ಹೆಬ್ಬೆಟ್ಟು ಒತ್ತಿದ್ದರು, ಅವರ ಕೆಳಗೆ ನಾನು ಸಹಿ ಮಾಡಿದ್ದೆ. ಅದೇ ಹಾಳೆಯನ್ನು ವರದಿಗೆ ಪಿನ್ನು ಹೊಡೆದು, ಮೇಲೆ ‘ಮೇಲ್ಕಂಡ ಅಂಶಗಳಿಗೆ ಸಾಕ್ಷಿದಾರರ ಒಪ್ಪಿಗೆ’ ಎಂದು ಟೈಪು ಮಾಡಲಾಗಿತ್ತು. ಮಾನ್ಯರೇ, ಇದಕ್ಕೆ ನಿಮ್ಮ ಕಚೇರಿಯಲ್ಲಿ ಏನನ್ನುತ್ತಾರೋ ತಿಳಿಯದು. ನನ್ನ ಶಾಲೆಯಲ್ಲಿ ಒಬ್ಬ ಹುಡುಗಿ ಹೀಗೆ ಮಾಡಿದ್ದರೆ ತಂದೆತಾಯಿಯನ್ನು ಕರೆಸುತ್ತಿದ್ದೆವು.

ನಕಲಿನ ಜೊತೆ ನಿಮ್ಮವರು ಇನ್ನೊಂದು ಹಾಳೆಯನ್ನೂ ಸೇರಿಸಿ ಕೊಟ್ಟಿದ್ದಾರೆ, ಬಹುಶಃ ಕೈತಪ್ಪಿ. ಬುಟ್ಟಿ ಸರಬರಾಜಿನ ಷರತ್ತುಗಳು. ‘ವಸ್ತು: ಮರುಬಳಕೆಯ ಮಿಶ್ರಣ, ಖನಿಜ ಭರ್ತಿ ಸಹಿತ. ದುರಸ್ತಿ ಅನ್ವಯಿಸುವುದಿಲ್ಲ.’ ದಿನಾಂಕ, ನೀವು ಅರಳಿಮರದ ಕೆಳಗೆ ಬಂದು ಕುಳಿತುಕೊಳ್ಳುವುದಕ್ಕೆ ಹನ್ನೊಂದು ತಿಂಗಳು ಮೊದಲಿನದು. ನಿಮಗೆ ಗೊತ್ತಿತ್ತು ಎಂದು ನಾನು ಹೇಳುತ್ತಿಲ್ಲ, ಅದಕ್ಕೆ ನನ್ನ ಬಳಿ ಪುರಾವೆ ಇಲ್ಲ. ನಿಮ್ಮ ಕಡತಕ್ಕೆ ಗೊತ್ತಿತ್ತು. ಹಾಗಾದರೆ ಮೂರನೆಯ ಬುಟ್ಟಿಯನ್ನು ಯಾಕೆ ಕೊಟ್ಟಿರಿ? ರಿಪೇರಿ ಆಗುವುದಿಲ್ಲವೆಂದು ಬರೆದಿಟ್ಟುಕೊಂಡು, ರಿಪೇರಿ ಮಾಡಿ ತೋರಿಸು ಎಂದು ಒಬ್ಬ ಮುದುಕನನ್ನು ಊರ ಮುಂದೆ ಕೂರಿಸುವುದಕ್ಕೆ ಏನನ್ನಬೇಕು?

ಆ ಸಂಜೆಯೇ ಒಂದು ಒಡಕು ಬುಟ್ಟಿ ಹಿಡಿದು ಹುಚ್ಚೀರಯ್ಯನ ಮನೆಗೆ ಹೋದೆ. ಸುಟ್ಟು ನೋಡಿ ಎಂದೆ. ಅವರು ಅಂಚು ಹೆರೆದು, ಬೆಂಕಿಕಡ್ಡಿ ಗೀರಿದರು. ಮೇಣದ ವಾಸನೆ ಬರಲಿಲ್ಲ. ನೆಲದ ಮೇಲೆ ಬೆಳ್ಳಗೆ ಬೂದಿ ಬಿತ್ತು. ‘ಸುಣ್ಣ,’ ಎಂದರು. ‘ಸುಣ್ಣಕ್ಕೆ ಬಣ್ಣ ಬಳ್ದವ್ರೆ ಕಣಮ್ಮ. ಇದ್ಕೆ ಯಾವ್ ಸಲಾಕೇನೂ ನಾಟಕ್ಕಿಲ್ಲ.’ ನಿಮ್ಮ ಷರತ್ತಿನ ‘ಖನಿಜ ಭರ್ತಿ’ ಎಂದರೆ ಇದೇ.

‘ಅವತ್ತೇ ಯಾಕೆ ಹೇಳಲಿಲ್ಲ?’ ಎಂದು ನಾನು ಕೇಳಿದೆ. ಎಂಥ ಪ್ರಶ್ನೆ ಕೇಳಿದೆ ಎಂದು ಕೇಳಿದ ಮೇಲೆ ಹೊಳೆಯಿತು.

‘ಯೋಳಕ್ಕೇ ಬ್ಲೇಡ್ ತಗ್ದಿದ್ದು,’ ಅಂದರು.

ನಾನು ಹದಿನೆಂಟು ವರ್ಷದಿಂದ ಪ್ಲಾಸ್ಟಿಕ್ಕಿನ ಪಾಠ ಮಾಡುತ್ತಿದ್ದೇನೆ. ಪುಸ್ತಕದಲ್ಲಿರುವ ಪ್ಲಾಸ್ಟಿಕ್ ಪುಸ್ತಕದ ಮಾತು ಕೇಳುತ್ತದೆ. ನಮ್ಮ ಮನೆಗಳಿಗೆ ಈಗ ಬರುತ್ತಿರುವುದು ಅದಲ್ಲ. ನನ್ನ ಅಡಿಗೆಮನೆಯನ್ನೇ ನೋಡಿದರೆ, ತಳ ಬಿಚ್ಚಲಾಗದ ಫ್ಲಾಸ್ಕು, ಕೊಕ್ಕೆ ಮುರಿದ ಮಿಕ್ಸಿ ಮುಚ್ಚಳ, ಹಿಂಡುವ ಜಾಲರಿ ಸೀಳಿದ ನೆಲ ಒರೆಸುವ ಬಕೆಟ್ಟು. ಮಂಡ್ಯದ ಅಂಗಡಿಯಲ್ಲಿ ಬಿಡಿಭಾಗ ಕೇಳಿದರೆ, ‘ಬಿಸಾಕಿ ಮೇಡಂ, ಒಸದು ಬಂದದೆ,’ ಎನ್ನುತ್ತಾರೆ. ನಾನು ಬಿಸಾಕಿದ್ದೇನೆ, ಹೊಸದನ್ನು ತಂದಿದ್ದೇನೆ, ಅದನ್ನೂ ಬಿಸಾಕಿದ್ದೇನೆ. ಆದರೆ ಅಂಗಡಿಯವರು ನನ್ನ ಬಕೆಟ್ಟು ಒಡೆದದ್ದಕ್ಕೆ ಇನ್ನೊಬ್ಬರ ಕೈಯನ್ನು ದೂರಲಿಲ್ಲ. ಅಷ್ಟು ಪ್ರಾಮಾಣಿಕತೆ ಅಂಗಡಿಯಲ್ಲಿ ಇದೆ. ನಿಮ್ಮ ಕಚೇರಿಯಲ್ಲಿ ಇರಲಿಲ್ಲ.

ದುರಸ್ತಿ ಕೇಂದ್ರವನ್ನು ನಾನು ಈಗ ಕೇಳುತ್ತಿಲ್ಲ. ಹೊಸ ಬುಟ್ಟಿಗಳನ್ನು ಕೊಳ್ಳುವಿರಾದರೆ ಕೊಳ್ಳಿ, ತಡೆಯುವ ಶಕ್ತಿ ನನಗಿಲ್ಲ. ವರದಿಯಿಂದ ‘ಕೌಶಲದ ಕೊರತೆ’ ಎಂಬ ವಾಕ್ಯವನ್ನು ತೆಗೆಯಿರಿ. ತೆಗೆದ ಜಾಗವನ್ನು ಖಾಲಿ ಬಿಡಬೇಡಿ. ಬುಟ್ಟಿಯ ವಸ್ತು ಬೆಸುಗೆಗೆ ಒಗ್ಗದ್ದೆಂದು ಸರಬರಾಜಿನ ಷರತ್ತಿನಲ್ಲೇ ಇತ್ತೆಂದು ಬರೆಯಿರಿ. ಕಸುಬುದಾರ ಹುಚ್ಚೀರಯ್ಯನವರು ಅದನ್ನು ಕೆಲಸಕ್ಕೆ ಮೊದಲೇ ಪರೀಕ್ಷಿಸಲು ಹೊರಟಿದ್ದರೆಂದು, ಅವರ ಹೆಸರು ಹಾಕಿ ಬರೆಯಿರಿ. ಅವರನ್ನು ತಡೆದದ್ದು ಶಿಕ್ಷಕಿ ವೀಣ ಎಂದೂ ಬರೆಯಿರಿ. ಅದಕ್ಕೆ ನನ್ನ ಒಪ್ಪಿಗೆ ಇದೆ, ಹಾಜರಾತಿ ಹಾಳೆ ಬೇಕಿಲ್ಲ. ಅದನ್ನು ಮುಂದಿನ ಗ್ರಾಮಸಭೆಯಲ್ಲಿ ಅದೇ ಮೈಕಿನಲ್ಲಿ, ಅದೇ ದನಿಯಲ್ಲಿ ಓದಿಸಿ. ನಾನು ಅವತ್ತು ಶಾಲೆಗೆ ರಜೆ ಹಾಕಿ, ಚಿಕ್ಕನಂಜಮ್ಮನ ಪಕ್ಕದಲ್ಲಿ ಕುಳಿತಿರುತ್ತೇನೆ, ಅವರು ಜಾಗ ಕೊಟ್ಟರೆ.

ಇಂತಿ,
ನಿಮ್ಮ ವರದಿಯ ಮೂರನೆಯ ಪುಟದಲ್ಲಿ ಸಹಿ ಇದ್ದೂ ನಿಮ್ಮ ಸಾಕ್ಷಿಯಲ್ಲದ,
ವೀಣ
ಕೊಪ್ಪದ ಹತ್ತಿರ, ಮದ್ದೂರು ತಾಲ್ಲೂಕು