ಕೋಟಿನ ಜೇಬಿನ ಬಸ್ ಚಾರ್ಜು

ಪುಟ್ಟಾ,

ಇವತ್ತಿನ ಸಂದರ್ಶನಕ್ಕೆಂದು ಅಪ್ಪನ ಕೋಟಿಗೆ ಇಸ್ತ್ರಿ ಹಾಕಿ ಕುರ್ಚಿಯ ಮೇಲಿಟ್ಟಿದ್ದೇನೆ. ಊಟ ಮುಚ್ಚಿಟ್ಟಿದೆ, ಉಣ್ಣು.

ಅವರು ತೀರಿಕೊಂಡಾಗಿನಿಂದ, ಎರಡು ವರ್ಷ, ಪ್ರತಿ ಸಂದರ್ಶನದ ದಿನವೂ ಆ ಜೇಬಿನಲ್ಲಿ ಹೋಗಿಬರುವ ಬಸ್ ಚಾರ್ಜು ಸಿಗುತ್ತಿತ್ತು. "ಎಲ್ಲಿ ಬಚ್ಚಿಡ್ತೀಯಮ್ಮ ಇಷ್ಟನ್ನ?" ಎಂದು ನೀನು ನಗುತ್ತಿದ್ದೆ. ಅದು ನಾನಿಟ್ಟದ್ದಲ್ಲ. ಬಳೆ ಮಾರಿ ನಿನ್ನ ಅರ್ಜಿಗಳಿಗೆ ಶುಲ್ಕ ಕಟ್ಟಿದ ಮೇಲೆ ನನ್ನ ಹತ್ತಿರ ಬಿಡಿಗಾಸೂ ಇರಲಿಲ್ಲ, ಮಗಾ. ನೋಟುಗಳು ಅವರು ಮಡಚುತ್ತಿದ್ದ ಹಾಗೆಯೇ ನಾಲ್ಕು ಮಡಿಕೆಯಾಗಿರುತ್ತಿದ್ದವು. ದೇವರು ಅವರ ಕೈಯಿಂದಲೇ ಕೊಡಿಸುತ್ತಿದ್ದಾನೆಂದು ನಂಬಿದ್ದೆ.

ಇವತ್ತು ಬೆಳಿಗ್ಗೆ ಜೇಬನ್ನು ಮೂರು ಸಲ ತಿರುವಿ ನೋಡಿದೆ. ಹೋಗುವ ಚಾರ್ಜು ಮಾತ್ರ ಇದೆ; ಬರುವುದಕ್ಕೆ ಅವರು ಇಟ್ಟಿಲ್ಲ.

ಬರುವ ಚಾರ್ಜನ್ನು ಪಕ್ಕದ ಮನೆಯ ದರ್ಜಿಯಿಂದ ಕೈಗಡ ತರಲು ಹೋಗಿದ್ದೇನೆ. ತಡವಾದರೆ ಆಗಲಿ, ಕೆಲಸ ತಪ್ಪಿದರೆ ತಪ್ಪಲಿ. ನಾನು ಬರುವವರೆಗೆ ಹೊಸಿಲು ದಾಟಬೇಡ.

ಅಮ್ಮ