ತೃಷಾಳ ಮಹಿಷಾಸುರ

ಮದೀನತ್ ಖಲೀಫಾ, ದೋಹಾ
೨೧ ನವೆಂಬರ್ ೨೦೨೫, ಶುಕ್ರವಾರ

ಪ್ರೀತಿಯ ನಿಶ್ಮಿತಾ,

ಬಾಣಂತಿ ಹೇಗಿದ್ದಾಳೆ? ಮಗು ರಾತ್ರಿ ನಿದ್ದೆ ಮಾಡಲು ಬಿಡುತ್ತದೆಯೋ? ತಂಗಿಯ ಬಾಣಂತನ ಮಾಡುತ್ತ ನಿನ್ನ ಸೊಂಟ ಹಿಡಿದುಕೊಂಡೀತು, ಬಿಸಿನೀರಿನ ಹಂಡೆಯನ್ನು ನೀನೇ ಎತ್ತಬೇಡ. ಇಲ್ಲಿ ದೇವರ ದಯೆಯಿಂದ ಎಲ್ಲರೂ ಆರೋಗ್ಯ. ಸೆಖೆ ಇಳಿದಿದೆ. ಯಜ್ಞೇಶನಿಗೆ ರಾಸ್ ಲಫಾನಿನ ಗ್ಯಾಸ್ ಪ್ಲಾಂಟಿನಲ್ಲಿ ಈ ವಾರ ಹಗಲು ಪಾಳಿ. ನನ್ನ ಮಗನೆಂದು ಹೇಳುವುದಲ್ಲ, ನೀನು ಹೋದ ಮೇಲೆ ತನ್ನ ತಟ್ಟೆಯನ್ನು ತಾನೇ ತೊಳೆಯುತ್ತಾನೆ. ಅವನು ತೊಳೆದದ್ದನ್ನು ನಾನು ಇನ್ನೊಮ್ಮೆ ತೊಳೆಯುತ್ತೇನೆ.

ಫೋನ್ ಇರುವಾಗ ಅತ್ತೆಗೆ ಕಾಗದ ಬರೆಯುವ ಹುಚ್ಚು ಯಾಕೆ ಎಂದು ನಗಬೇಡ. ಈ ಎರಡು ಕೋಣೆಯ ಮನೆಯಲ್ಲಿ ನಾನು ಪಿಸುಗುಟ್ಟಿದರೂ ತೃಷಾಳಿಗೆ ಕೇಳುತ್ತದೆ. ವಾಟ್ಸಾಪಿನಲ್ಲಿ ಬರೆಯೋಣವೆಂದರೆ ನನಗೆ ಅದನ್ನು ಕಲಿಸಿದವಳೇ ಅವಳು. ಕೆಳಗಿನ ಮನೆಯ ಬೊನವೆಂಚರ್ ಇವತ್ತು ರಜೆಯಲ್ಲಿ ಊರಿಗೆ ಹೊರಟಿದ್ದಾರೆ. ಖರ್ಜೂರದ ಡಬ್ಬಿಯ ಜೊತೆ ಇದನ್ನೂ ನಾಳೆ ನಿನ್ನ ಕೈಗೇ ಕೊಡುತ್ತಾರೆ.

ವಿಷಯ ನಿನ್ನ ಮಗಳದ್ದೇ. ಗಾಬರಿಯಾಗಬೇಡ, ಈಗ ಉಣ್ಣುತ್ತಿದ್ದಾಳೆ, ಶಾಲೆಗೂ ಹೋಗುತ್ತಿದ್ದಾಳೆ. ನೀನು ಊರಿಗೆ ಹೋದ ಮರುವಾರ ನಮ್ಮ ತುಳು ಸಂಘದ ಯಕ್ಷಗಾನದಲ್ಲಿ ಅವಳು ಮಹಿಷಾಸುರನಾದಳಲ್ಲ, ಸಭೆಯ ಹಿಂದಿನಿಂದ ಬೊಬ್ಬೆ ಹೊಡೆಯುತ್ತ ಬಂದಾಗ ಮುಂದೆ ಕೂತಿದ್ದ ಪುಟ್ಟ ಮಕ್ಕಳೆಲ್ಲ ಅಮ್ಮಂದಿರ ಮಡಿಲು ಹತ್ತಿದವು. ಹದಿನೈದರ ಹುಡುಗಿಗೆ ಆ ಗಂಟಲು ಎಲ್ಲಿಂದ ಬಂತೋ, ನಿನ್ನ ತವರಿನ ಕಡೆಯದ್ದೇ ಇರಬೇಕು. ನನಗೆ ಹೆಮ್ಮೆಯಿಂದ ಕಣ್ಣಲ್ಲಿ ನೀರು ಬಂತು. ಅವಳ ಕ್ಲಾಸಿನ ಇಬ್ಬರು ಹುಡುಗರು ಅದರ ವೀಡಿಯೊ ಹಿಡಿದು, ಅವಳ ಬೊಬ್ಬೆಯನ್ನು ತೆಗೆದು ಕೋಣ ಕೂಗುವ ಶಬ್ದ ಹಾಕಿ, ಅದರ ಜೊತೆಗೆ ಅವಳ ಮೈಯ ಬಗ್ಗೆ, ತೂಕದ ಬಗ್ಗೆ ಇಂಗ್ಲಿಷಿನಲ್ಲಿ ಅಸಹ್ಯವಾಗಿ ಮಾತಾಡಿ, ಸುಳ್ಳು ಹೆಸರಿನ ಖಾತೆಯಲ್ಲಿ ಇನ್‌ಸ್ಟಾಗ್ರಾಮಿಗೆ ಬಿಟ್ಟರು.

ಅದು ಕ್ಲಾಸಿನ ಒಳಗೇ ನಿಲ್ಲುತ್ತಿತ್ತೋ ಏನೋ, ನಮ್ಮ ದುಗ್ಗಣ್ಣನ ಕಣ್ಣಿಗೆ ಬಿತ್ತು. ಸಂಘದ ಅಧ್ಯಕ್ಷರಲ್ಲವೇ, ನಮ್ಮ ಮಕ್ಕಳು ಎಲ್ಲಿ ಕಂಡರೂ ಲೈಕ್ ಕೊಡುವುದು ಅವರ ನೇಮ. ಕೋಣದ ಕೂಗು ಕೇಳಿ, ಮಹಿಷಾಸುರ ತಾನೆ, ಒಳ್ಳೆಯ ಎಫೆಕ್ಟ್ ಹಾಕಿದ್ದಾರೆ ಎಂದುಕೊಂಡರಂತೆ. ಹುಡುಗರ ಓಟದ ಇಂಗ್ಲಿಷ್ ಅವರ ತಲೆಗೆ ಹೋಗಲಿಲ್ಲ. "ನಮ್ಮ ತೃಷಾ ವೈರಲ್! ಎಲ್ಲರೂ ಲೈಕ್ ಕೊಟ್ಟು ಪ್ರೋತ್ಸಾಹಿಸಿ" ಎಂದು ಸಂಘದ ಗ್ರೂಪಿಗೆ ಹಾಕಿದರು. ಸಂಜೆಯೊಳಗೆ ದೋಹಾ, ದುಬೈ, ಕುವೈತ್, ಕಾಪು, ಕಟಪಾಡಿ ಎಲ್ಲ ಕಡೆಯಿಂದ ಹೃದಯಗಳೋ ಹೃದಯಗಳು, "ದೇವೆರ್ ಎಡ್ಡೆ ಮಲ್ಪಡ್" ಎಂಬ ಹಾರೈಕೆಗಳು. ನಮ್ಮವರ ಕೃಪೆಯಿಂದಲೇ ಅದು ಬೇರೆ ಶಾಲೆಗಳಿಗೂ ಮುಟ್ಟಿತು. ಮರುದಿನ ಇವಳು ಬಸ್ಸು ಹತ್ತುವಾಗ ಸಣ್ಣ ತರಗತಿಯ ಮಕ್ಕಳೂ ಕೋಣದ ಹಾಗೆ ಕೂಗಿದರಂತೆ. ನಮ್ಮವರು ಪ್ರೀತಿಯಿಂದ ಮಾಡಿದ್ದು ಮಗಾ ಎಂದೆ. "ಅಜ್ಜಿ, ಅವ್ರು ಲೈಕ್ ಮಾಡಿದ್ದು ನನ್ನನ್ನಲ್ಲ, ಆ ಜೋಕನ್ನು" ಎಂದಳು.

ಆಮೇಲೆ ಊಟ ಬಿಟ್ಟಳು, ಶಾಲೆ ಬಿಟ್ಟಳು. ಯಜ್ಞೇಶ ಸಿಟ್ಟಿನಲ್ಲಿ "ಖಲಾಸ್, ಇನ್ನು ಫೋನೂ ಬೇಡ, ಯಕ್ಷಗಾನವೂ ಬೇಡ" ಎಂದ. ಮನೆಗೆ ಕಳ್ಳ ನುಗ್ಗಿದರೆ ಮನೆಯವರನ್ನೇ ಹೊರಗೆ ಹಾಕುತ್ತೀಯಾ ಎಂದು ಗದರಿಸಿದೆ. ರಜೆ ಹಾಕಿ ಶಾಲೆಗೆ ಹೋದ. ಟೀಚರು ಒಳ್ಳೆಯವರು, ಹುಡುಗರ ತಂದೆ ತಾಯಿಯನ್ನು ಕರೆಸಿ ಆ ಖಾತೆಯನ್ನು ಮುಚ್ಚಿಸಿದರು. ಯಾರ ಯಾರ ಫೋನಿನಲ್ಲಿ ಇನ್ನೂ ಉಳಿದಿದೆಯೋ, ಅದಕ್ಕೆ ಯಾರೂ ಏನೂ ಮಾಡುವ ಹಾಗಿಲ್ಲವಂತೆ. ದುಗ್ಗಣ್ಣ ಬಂದು, ಕೂರಲೂ ಒಪ್ಪದೆ, ನಿಂತೇ ಅವಳ ಹತ್ತಿರ ತಪ್ಪಾಯಿತು ಎಂದರು. ಪಾಪ, ಅವರ ಮುಖ ನೋಡಲಾಗಲಿಲ್ಲ. ಈಗ ವಾರಕ್ಕೊಮ್ಮೆ ಶಾಲೆಯ ಕೌನ್ಸೆಲರ್ ಇವಳ ಜೊತೆ ಮಾತಾಡುತ್ತಾರೆ. ಗಂಜಿ, ಮಿಡಿ ಉಪ್ಪಿನಕಾಯಿ ಕೇಳಿ ಹಾಕಿಸಿಕೊಳ್ಳುತ್ತಾಳೆ. ಆದರೆ ಸ್ನಾನದ ಮನೆಯಿಂದ ಟವೆಲ್ ಕೇಳಿದರೆ ಇಡೀ ಬಿಲ್ಡಿಂಗಿಗೆ ಕೇಳುತ್ತಿದ್ದ ಹುಡುಗಿ ಈಗ ಬಾಯೊಳಗೇ ಮಾತಾಡುತ್ತಾಳೆ.

ನೀನು ಫೋನ್ ಮಾಡಿದಾಗಲೆಲ್ಲ ಅವಳು ಮಲಗಿದಳು, ಓದುತ್ತಿದ್ದಾಳೆ ಎಂದೆವಲ್ಲ, ಬಾಣಂತಿಯ ಮನೆಯಲ್ಲಿ ನಿನಗೆ ತಲೆಬಿಸಿ ಬೇಡವೆಂದು ನಿನ್ನ ಗಂಡನ ಹಟ. ಅವಳು ಪಕ್ಕದಲ್ಲೇ ಕೂತು ಬೇಡವೆಂದು ಕೈ ಆಡಿಸುತ್ತಿದ್ದಳು. ಎಲ್ಲರ ಮೇಲೂ ಮುನಿಸು, ಸರಿ; ನಿನ್ನ ಮೇಲೆ ಯಾಕೆಂದು ನಿನ್ನೆಯವರೆಗೆ ನನಗೂ ತಿಳಿದಿರಲಿಲ್ಲ. ಅದನ್ನು ಹೇಗೆ ಬರೆಯಲಿ ಎಂದು ಯೋಚಿಸುತ್ತಿದ್ದೇನೆ.

ಬೊನವೆಂಚರರನ್ನು ಕಾಫಿ ಕೊಡದೆ ಕಳಿಸಬೇಡ. ಬಾಣಂತಿಗೆ, ಮಗುವಿಗೆ, ನಿನಗೆ ನನ್ನ ತುಂಬು ಹರಕೆ. ಹೊತ್ತು ಹೊತ್ತಿಗೆ ಉಣ್ಣು.

ನಿನ್ನ ಅತ್ತೆ,
ಚೆನ್ನು

ವಿ.ಸೂ.: ಬೊನವೆಂಚರ್ ಬಾಗಿಲಲ್ಲಿ ನಿಂತಿದ್ದಾರೆ, ಇನ್ನು ಸುತ್ತಿಬಳಸಲು ಹೊತ್ತಿಲ್ಲ. ಆ ಹೃದಯಗಳ ನಡುವೆ ನಿನ್ನದೂ ಒಂದಿತ್ತು. "ನನ್ನ ಬಂಗಾರ, ಸೂಪರ್" ಎಂದು ಬರೆದಿದ್ದಿ. ಖಾತೆ ಹೋದರೂ ಅದರ ಫೋಟೊ ತೆಗೆದಿಟ್ಟುಕೊಂಡಿದ್ದಾಳೆ. ನಿನ್ನೆ ನನಗೆ ತೋರಿಸಿ, "ಅಮ್ಮನಿಗೆ ಇಂಗ್ಲಿಷ್ ಬರ್ತದಲ್ಲ ಅಜ್ಜಿ" ಎಂದಳು. ಮಗು ಮಲಗಿದೆಯೆಂದು ನೀನು ಸೌಂಡ್ ಇಲ್ಲದೆ ನೋಡಿರಬೇಕು, ನನಗೆ ಗೊತ್ತು. ನಾನು ಹೇಳಿದರೆ ಅಜ್ಜಿಯ ಸಮಾಧಾನದ ಮಾತಾಗುತ್ತದೆ. ನೀನೇ ಹೇಳಬೇಕು. ಅವಳ ಫೋನಿಗೇ ಮಾಡು. ಎತ್ತದಿದ್ದರೆ, ಎತ್ತುವವರೆಗೆ ಮಾಡು.