ನಿನ್ನ ಸೀಟಿನಲ್ಲಿ ನೋಡಿದ ಒಪೆರಾ

ಶ್ರೀಕಂಠ,

ನಿನ್ನನ್ನು ಕೆಲಸದಿಂದ ತೆಗೆಯುವ ಮೊದಲೇ ಆಫೀಸಿನವರು ನಿನ್ನ ಹೆಸರಿಗೆ ಒಪೆರಾ ಟಿಕೆಟ್ ಬುಕ್ ಮಾಡಿದ್ದರಲ್ಲ, ನಿನ್ನೆ ಸಿಡ್ನಿಯಲ್ಲಿ ಆ ಸೀಟಿನಲ್ಲಿ ನನ್ನ ಹೆಂಡತಿ ಗಗನಾ ಕೂತಳು. ಹತ್ತೊಂಬತ್ತನೇ ಶತಮಾನದ ಕಥೆ. ಪರಕೀಯ ಸೈನ್ಯದ ವಿರುದ್ಧ ಊರಿಗೆ ಊರೇ ದಂಗೆ ಏಳುತ್ತದೆ. ದಂಗೆಕೋರರು ಹಾಡುವಾಗ ನಮ್ಮ ಮ್ಯಾನೇಜರ್ ಕಣ್ಣೊರೆಸಿಕೊಂಡ. ಇಲ್ಲೇ ಕಾಯಂ ಆಗಿ ನೆಲೆಸಲು ನಾನು ಹಾಕಿದ್ದ ಪಿಆರ್ ಅರ್ಜಿಯ ಫೈಲ್ ಮುಂದಿಟ್ಟುಕೊಂಡು, ಎಲ್ಲರನ್ನೂ ಯೂನಿಯನ್ನಿಗೆ ಸೇರಿಸುತ್ತಿರುವವರು ಯಾರೆಂದು ಕೇಳಿದ್ದ ಅದೇ ಮನುಷ್ಯ. ಹೇಸಿಗೆಯಾಯಿತು.

ಕೊನೆಗೆ, ಗೆಳೆಯನನ್ನು ಸೈನ್ಯಕ್ಕೆ ಹಿಡಿದುಕೊಟ್ಟವನನ್ನು ಜನ ಕೊಂದರು. ಇಡೀ ಹಾಲ್ ಎದ್ದು ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ.

"ಥೂ, ಎಂಥ ಮನುಷ್ಯ ಅವ್ನು," ಎಂದಳು ಗಗನಾ.

ವಾಪಸ್ ಬರುವಾಗ ಟ್ರೈನಿನಲ್ಲಿ ಕೇಳಿದಳು: "ಶ್ರೀಕಂಠನ ಹೆಸ್ರು ಹೇಳಿದ್ಯಾರು ಅಂತ ಗೊತ್ತಾಯ್ತಾ?"

ಇನ್ನೂ ಇಲ್ಲ ಎಂದೆ.